ಎಂಜಲು ಚಹಾ

ರೋಗ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆರೋಗ್ಯವೂ ಹಾಗೆಯೇ ಅಂಟುವಂತಿದ್ದರೆ? ಈ ಪ್ರಶ್ನೆಯನ್ನು ಡಾ. ನೀಲಾಂಬಿಕಾ ಯಾವತ್ತೂ ಕೇಳಿಕೊಂಡವಳಲ್ಲ. ಅವಳ ತಲೆಯ ತುಂಬ ಇದ್ದದ್ದು ಬಿಳಿ ಇಲಿಗಳು, ಅವುಗಳ ಪುಟ್ಟ ಶ್ವಾಸಕೋಶ, ಅದರೊಳಗೆ ತಾನು ನೆಲೆಗೊಳಿಸಬೇಕಾದ ಒಂದು ಬ್ಯಾಕ್ಟೀರಿಯಾ, ಇಷ್ಟೇ. ಆದರೆ ಉತ್ತರ ಮಾತ್ರ ಯಾರೂ ಕೇಳದೆಯೇ ಅವಳ ಮನೆ ಹೊಕ್ಕು, ಅಡುಗೆಮನೆಯಲ್ಲಿ ಕುಳಿತು ಚಹಾ ಕುಡಿಯುತ್ತಿತ್ತು.

ಧಾರವಾಡದ ಅಂಚಿನಲ್ಲಿರುವ ಶ್ವಾಸವಿಜ್ಞಾನ ಸಂಸ್ಥೆಯಲ್ಲಿ, ಪಿಎಚ್‌ಡಿ ಮುಗಿಸಿದ ಮೇಲಿನ ಸಂಶೋಧನೆಗೆಂದು ಸೇರಿದವಳು ನೀಲಾ. ವಿಷಯ ಅಸ್ತಮಾ. ಅಸ್ತಮಾ ಎಂದರೆ ಶ್ವಾಸಕೋಶದ ಅತಿ ಎಚ್ಚರ. ನಮ್ಮ ಎದೆಯೊಳಗೆ ಕಾವಲು ಕಾಯುವ ಕೋಶಗಳಿವೆ. ಅವು ಒಮ್ಮೆ ಯಾವುದೋ ಬಡಪಾಯಿ ಧೂಳನ್ನು ಶತ್ರು ಎಂದು ತಪ್ಪು ತಿಳಿದವೋ, ಮುಗಿಯಿತು, ಅದರ ಗುರುತನ್ನು ಜನ್ಮದಲ್ಲಿ ಮರೆಯುವುದಿಲ್ಲ. ಅದೇ ಧೂಳು ಮತ್ತೆ ಬಂದರೆ ಐಎಲ್-13 ಎಂಬ ಅಣುವನ್ನು ಹೊರಬಿಟ್ಟು ಬೊಬ್ಬೆ ಹೊಡೆಯುತ್ತವೆ. ಆಗ ನಾಳಗಳು ಬಿಗಿಯುತ್ತವೆ, ಕಫ ತುಂಬುತ್ತದೆ, ಮನುಷ್ಯ ಒಂದು ಉಸಿರಿಗಾಗಿ ಒದ್ದಾಡುತ್ತಾನೆ. ಈಗಿರುವ ಮದ್ದುಗಳು ನಾಳವನ್ನು ಸಡಿಲಿಸುತ್ತವೆ, ಬೊಬ್ಬೆಯನ್ನು ತಗ್ಗಿಸುತ್ತವೆ. ಆ ಹಳೆಯ ನೆನಪನ್ನು ಅಳಿಸುವುದಿಲ್ಲ. ನೀಲಾ ಅದನ್ನೇ ಅಳಿಸಲು ಹೊರಟಿದ್ದಳು.

ಗಂಟಲಲ್ಲಿ ಯಾರ ತಂಟೆಗೂ ಹೋಗದೆ ಬದುಕುವ ಒಂದು ಬ್ಯಾಕ್ಟೀರಿಯಾವನ್ನು ಆರಿಸಿ, ಅದರ ಜೀನುಗಳನ್ನು ತಿದ್ದಿದ್ದಳು. ಐಎಲ್-13 ಸುಳಿದ ಕೂಡಲೇ ಅದು ಒಂದು ಪ್ರೋಟೀನನ್ನು ಸುರಿಸುತ್ತದೆ, ಆ ಪ್ರೋಟೀನು ಕಾವಲು ಕೋಶಗಳಿಗೆ ಹಳೆಯ ದ್ವೇಷವನ್ನು ಮರೆಸುತ್ತದೆ. ಇದು ಅವಳ ಲೆಕ್ಕಾಚಾರ. ಪ್ರಯೋಗಾಲಯದಲ್ಲಿ ಅದಕ್ಕೆ ಇಟ್ಟ ಹೆಸರು 'ಸಮಾಧಾನಿ'. ಎಲ್ಲಿ ಕುಳಿತಿದೆ ಎಂದು ಹುಡುಕಲು ಸುಲಭವಾಗಲೆಂದು ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಗುಣವನ್ನು ಸೇರಿಸಿದ್ದಳು. ಎಡವಟ್ಟಾದರೆ ಇರಲಿ ಎಂದು, ಒಂದು ಸಾಮಾನ್ಯ ಆ್ಯಂಟಿಬಯಾಟಿಕ್ ಮಾತ್ರೆಗೆ ಸಾಯುವ ದೌರ್ಬಲ್ಯವನ್ನೂ ಉಳಿಸಿದ್ದಳು.

"ಒಮ್ಮೆ ಮರೆತರೆ ಮುಗೀತ್ರೀ ಸರ್. ಆಮೇಲೆ ಸಮಾಧಾನಿ ಸತ್ತರೂ ಅಸ್ತಮಾ ವಾಪಸ್ ಬರಂಗಿಲ್ಲ" ಎನ್ನುವುದು ನೀಲಾಳ ವಾದ.

ಅವಳ ಮುಖ್ಯಸ್ಥರು ಪ್ರೊಫೆಸರ್ ವಾಮನ ಶೆಣೈ, ಕುಂದಾಪುರದ ಕಡೆಯವರು. ಬುದ್ಧಿ ಹರಿತ, ನಂಬಿಕೆ ಕಡಿಮೆ. "ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ. ಅದು ಒಳಗಿರುವಷ್ಟು ದಿನ ಮಾತ್ರ ಗುಣ. ಮೊದಲು ಅಷ್ಟನ್ನಾದರೂ ತೋರಿಸಿ, ನೋಡುವ" ಎನ್ನುತ್ತಿದ್ದರು.

ಇಲಿಗಳಿಗೆ ತಾನಾಗಿ ಅಸ್ತಮಾ ಬರುವುದಿಲ್ಲ, ಬರಿಸಬೇಕು. ಮೊಟ್ಟೆಯ ಬಿಳಿಭಾಗದ ಪ್ರೋಟೀನನ್ನು ಚುಚ್ಚಿ, ಮತ್ತೆ ಮತ್ತೆ ಮೂಸಿಸಿದರೆ ಅವುಗಳ ಎದೆ ಸುಯ್‌ಗುಡಲು ಶುರುವಾಗುತ್ತದೆ. ಒಂದು ಗುಂಪಿಗೆ ಸಮಾಧಾನಿ, ಇನ್ನೊಂದು ಗುಂಪಿಗೆ ಬರೀ ಉಪ್ಪುನೀರು. ನಂತರ ದಿನವೂ ಒಂದೊಂದೇ ಇಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟು ಅದರ ಉಸಿರನ್ನು ಯಂತ್ರದಿಂದ ಅಳೆಯುವುದು. ಮದ್ದು ಕುಡಿದ ಗುಂಪು ಮೊದಲು, ಉಪ್ಪುನೀರಿನ ಗುಂಪು ಆಮೇಲೆ. ಗಾಜಿನ ಪೆಟ್ಟಿಗೆ ಮಾತ್ರ ಎರಡೂ ಗುಂಪಿಗೆ ಒಂದೇ. ಒಂದು ಇಲಿ ಹೊರಬಂದ ಮೇಲೆ ಅದನ್ನು ಸ್ಪಿರಿಟ್ ಹಾಕಿ ಒರೆಸಿಯೇ ಮುಂದಿನದನ್ನು ಬಿಡಬೇಕು ಎಂಬುದು ನಿಯಮ.

ಈ ನಿಯಮದಲ್ಲೇ ನೀಲಾ ಜಾರಿದ್ದಳು. ಇಲಿಗಳಿಗೆ ಅಸ್ತಮಾ ತರಿಸಲು ಹೋದವಳಿಗೆ ಇಲಿಗಳೇ ಅಸ್ತಮಾ ತರಿಸಿದ್ದವು. ಅವುಗಳ ಕೂದಲು, ಉಚ್ಚೆ, ಗೂಡಿಗೆ ಹಾಸುವ ಹೊಟ್ಟಿನ ಧೂಳು ಅವಳಿಗೆ ಆಗಿಬರುತ್ತಿರಲಿಲ್ಲ. ಆ ಕೆಲಸದವರಲ್ಲಿ ಇದೇನು ಅಪರೂಪವಲ್ಲ. ಆದರೆ ಇಲಿ ಅಲರ್ಜಿ ಇದ್ದವರು ಇಲಿಮನೆಗೆ ಕಾಲಿಡುವಂತಿಲ್ಲ, ಇಲಿಮನೆಗೆ ಕಾಲಿಡದಿದ್ದರೆ ಅವಳ ಸಂಶೋಧನೆಯೇ ಇಲ್ಲ. ವೈದ್ಯಕೀಯ ತಪಾಸಣೆಯಲ್ಲಿ "ಉಸಿರಾಟದ ತೊಂದರೆ ಏನಾದರೂ ಇದೆಯೇ?" ಎಂದು ಕೇಳಿದಾಗ ಕಣ್ಣು ಮಿಟುಕಿಸದೆ "ಇಲ್ಲ" ಅಂದಿದ್ದಳು. ಇನ್‌ಹೇಲರ್ ಬ್ಯಾಗಿನ ತಳದಲ್ಲಿ ಅಡಗಿತ್ತು. ಇಲಿಮನೆಯ ಬಾಗಿಲು ಮುಚ್ಚಿಕೊಂಡ ಮೇಲೆ ಮಾಸ್ಕಿನೊಳಗೆ ಉಸಿರು ಸಾಲದೆ ಅದನ್ನು ಗದ್ದಕ್ಕೆ ಇಳಿಸುತ್ತಿದ್ದಳು. ಸ್ಪಿರಿಟ್ಟಿನ ಘಾಟು ಮೂಗಿಗೆ ಬಡಿದರಂತೂ ಎದೆ ಕಟ್ಟುತ್ತಿತ್ತು. ಹಾಗಾಗಿ ಗಾಜನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಿದ್ದಳು. ಗಾಜು ಪಳಪಳ ಹೊಳೆಯುತ್ತಿತ್ತು. ಸ್ವಚ್ಛವಾಯಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಫಲಿತಾಂಶ ಬಂದ ದಿನ ಶೆಣೈಯವರ ಕೋಣೆಯಲ್ಲಿ ಪರದೆಯ ಮೇಲೆ ಎರಡು ಗೆರೆಗಳಿದ್ದವು. ಸಮಾಧಾನಿ ಕುಡಿದ ಇಲಿಗಳು ಗುಣವಾಗಿದ್ದವು. ಬರೀ ಉಪ್ಪುನೀರು ಕುಡಿದ ಇಲಿಗಳೂ ಗುಣವಾಗಿದ್ದವು. ಎರಡು ಗೆರೆಗಳೂ ಜೋಡೆತ್ತಿನ ಹಾಗೆ ಒಟ್ಟಿಗೇ ಸಾಗಿದ್ದವು.

"ಎಂತ ಇದು ನೀಲಾಂಬಿಕಾ? ಉಪ್ಪುನೀರಿಗೇ ವಾಸಿಯಾಗುವುದಾದರೆ ನಿಮ್ಮ ಮದ್ದು ಯಾಕೆ ಬೇಕು? ಸಮುದ್ರಕ್ಕೆ ಹೋಗಿ ಬಾಯಿ ಮುಕ್ಕಳಿಸಿದರೆ ಸಾಕಲ್ಲ!"

"ಶುರುವಿಗೆ ಎಲ್ಲಾವಕ್ಕೂ ಅಸ್ತಮಾ ಇತ್ತ್ರಿ ಸರ್. ನಾನೇ ಅಳತಿ ಮಾಡೀನಿ."

"ಇತ್ತು, ತಾನಾಗಿ ಹೋಯ್ತು. ಅಂದರೆ ಪ್ರಯೋಗವೇ ಗಟ್ಟಿ ಇಲ್ಲ ಅಂತಾಯ್ತು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಅವರು ಬೇಸರದ ಮಾತು ಹೇಳುವ ಲಕ್ಷಣ. "ಬರುವ ವಾರ ತಜ್ಞರ ಸಮಿತಿ ಬರ್ತದೆ. ನಿಲ್ಲಿಸ್ತೇವೆ ಅಂತ ನಾವೇ ಹೇಳಿದರೆ ಮರ್ಯಾದೆ. ನನಗೂ ಬೇಜಾರಿದೆ, ಸುಳ್ಳಲ್ಲ."

ನೀಲಾಳಿಗೆ ಅಳು ಒತ್ತರಿಸಿ ಬಂತು. ಇಷ್ಟು ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದುಕೊಂಡು, ಯಾರಿಗೂ ಮುಖ ತೋರಿಸದೆ ಬಸ್ಸು ಹತ್ತಿದಳು.

ಮನೆಗೆ ಬಂದರೆ ಬಾಗಿಲು ತೆರೆದೇ ಇತ್ತು, ಅತ್ತೆ ಇರಲಿಲ್ಲ. ಅತ್ತೆ ಬಸಲಿಂಗವ್ವ ಹೈಸ್ಕೂಲಿನಲ್ಲಿ ಆಟದ ಟೀಚರಾಗಿ ನಿವೃತ್ತರಾದವರು. ಒಂದು ಕಾಲಕ್ಕೆ ಜಿಲ್ಲಾ ತಂಡದ ಕಬಡ್ಡಿ ಆಟಗಾರ್ತಿ. ಅವರು ಎದುರಾಳಿಗಳ ಅಂಕಣಕ್ಕೆ ನುಗ್ಗಿ 'ಕಬಡ್ಡಿ ಕಬಡ್ಡಿ' ಎನ್ನತೊಡಗಿದರೆ ಉಸಿರು ಮುಗಿಯುವುದನ್ನು ಕಾದು ಕಾದು ನೋಡುವವರಿಗೇ ಸುಸ್ತಾಗುತ್ತಿತ್ತಂತೆ. ಅಂಥವರ ಎದೆಯಲ್ಲಿ ದಮ್ಮು ಬಂದು ಕುಳಿತು ಹತ್ತಿರ ಹತ್ತಿರ ಹತ್ತು ವರ್ಷ. ಮೂರು ಮೆಟ್ಟಿಲಿಗೊಮ್ಮೆ ನಿಲ್ಲಬೇಕು. ಎರಡು ಮನೆಯಾಚೆ ಖಾರದ ಗಿರಣಿ. ಬೇಸಿಗೆಯಲ್ಲಿ ಓಣಿಯವರೆಲ್ಲ ಮೆಣಸಿನಕಾಯಿ ಬೀಸಿಸಲು ಶುರು ಮಾಡಿದರೆ ಬಸಲಿಂಗವ್ವ ಗಂಟುಮೂಟೆ ಕಟ್ಟಿಕೊಂಡು ತಂಗಿಯ ಊರಿಗೆ ಹೊರಡಬೇಕು.

ಮಾಳಿಗೆಯ ಮೇಲಿಂದ ದನಿ ಕೇಳಿತು. "ಏ, ಕಾಲು ಹಿಡೀರೇ, ಕಾಲು! ಕೈ ಹಿಡದು ಏನ ಮದುವಿ ಮಾಡ್ಕೋತೀರೇನ?"

ನೀಲಾ ಓಡಿ ಮೇಲೆ ಹತ್ತಿದಳು. ಬಸಲಿಂಗವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೆಳಗೆ ಖಾಲಿ ಜಾಗದಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗಿಯರನ್ನು ಗದರಿಸುತ್ತಿದ್ದರು.

"ಅತ್ತಿ! ಮ್ಯಾಲೆ ಹೆಂಗ ಬಂದ್ರಿ?"

"ಮೆಟ್ಲ ಹತ್ತಿ ಬಂದೆ. ಹಾರಿ ಬರಾಕ ನಾನೇನ ಗುಬ್ಬೀನ?"

"ದಮ್ಮು?"

ಬಸಲಿಂಗವ್ವ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ಯಾರೋ ಕೇಳಿದ ಮೇಲೆ ಹಲ್ಲುನೋವು ಹೋಗಿದೆ ಎಂದು ಗೊತ್ತಾಗುತ್ತದಲ್ಲ, ಹಾಗಿತ್ತು ಅವರ ಮುಖ. "ಹೌದಲ್ಲವಾ. ಮೊನ್ನಿಯಿಂದ ಹಗುರ ಆಗೇತಿ. ರಾತ್ರಿ ಎದ್ದು ಕುಂಡ್ರೂದೂ ಇಲ್ಲ. ಹವಾ ಬದಲಾತೇನೋ."

ಇಬ್ಬರೂ ಕೆಳಗಿಳಿದು ಅಡುಗೆಮನೆಗೆ ಬಂದರು. ಅಲ್ಲಿ ದಿನವೂ ನಡೆಯುವ ಒಂದು ಕಳ್ಳಾಟವಿತ್ತು. ಬಸಲಿಂಗವ್ವನಿಗೆ ಸಕ್ಕರೆ ಕಾಯಿಲೆ. ಮಗ ವಿರೂಪಾಕ್ಷ ಅವ್ವನಿಗೆ ಚಹಾ ಬಂದ್ ಮಾಡಿಸಿದ್ದ. ಅವನಿಗೆ ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಕೆಲಸ, ಬರುವುದು ತಡ. ಸಂಜೆ ಸೊಸೆ ಒಂದೇ ಕಪ್ ಚಹಾ ಮಾಡಿಕೊಂಡು ಅರ್ಧ ಕುಡಿದು ಇಟ್ಟರೆ, ಉಳಿದರ್ಧವನ್ನು ಅತ್ತೆ ಬಸಿಗೆ, ಅಂದರೆ ಸಾಸರಿಗೆ, ಸುರಿದುಕೊಂಡು ಸೊರ್ ಎಂದು ಕುಡಿಯುವುದು. "ನಿನ್ನ ಎಂಜಲಾ ಕುಡದರ ಅದು ಚಾ ಕುಡದಂಗ ಅಲ್ಲ" ಎಂಬುದು ಅವರ ಕಾನೂನು. ಅತ್ತೆ ಸೊಸೆಯ ಎಂಜಲು ಕುಡಿಯುವುದನ್ನು ನೋಡಿ ಪಕ್ಕದ ಮನೆಯಾಕೆ ಮೂಗು ಮುರಿದರೆ, "ಆಟದಾಗ ನಲವತ್ತ ವರ್ಷ ಮಂದಿ ಬೆವರ ಕುಡದೀನಿ, ಸೊಸಿ ಎಂಜಲಾ ಏನ ಮಾಡ್ತೈತಿ?" ಎಂದು ಬಾಯಿ ಮುಚ್ಚಿಸಿದ್ದರು.

ನೀಲಾ ಅರ್ಧ ಕುಡಿದು ಕಪ್ಪನ್ನು ಅತ್ತೆಯ ಕಡೆ ಸರಿಸಿದಳು. ಬಸಲಿಂಗವ್ವ ಬಸಿಯನ್ನು ತುಟಿಗಿಟ್ಟರು. ಅದನ್ನು ನೋಡುತ್ತ ನೋಡುತ್ತ ನೀಲಾ ದಡಕ್ಕನೆ ಎದ್ದಳು.

ಎದ್ದವಳೇ ಬ್ಯಾಗು ಸುರಿದಳು. ಇನ್‌ಹೇಲರ್ ಇರಲಿಲ್ಲ. ಹರಿದುಹೋಗಿದೆಯೆಂದು ಹಿಂದಿನ ತಿಂಗಳು ಮೂಲೆಗೆಸೆದ ಹಳೆಯ ಬ್ಯಾಗನ್ನು ಎಳೆದು ನೋಡಿದಳು. ಅದರ ತಳದಲ್ಲಿ ಇತ್ತು. ಒಂದು ತಿಂಗಳಿಂದ ಆ ವಸ್ತು ಅಲ್ಲೇ ಬಿದ್ದಿತ್ತು, ಇಲಿಗಳ ನಡುವೆ ದಿನಾ ಓಡಾಡಿಕೊಂಡಿದ್ದವಳಿಗೆ ಅದು ಇಲ್ಲವೆಂಬುದು ಗೊತ್ತೂ ಆಗಿರಲಿಲ್ಲ.

ಉಪ್ಪುನೀರಿನ ಇಲಿಗಳು ತಾವಾಗಿ ಗುಣವಾಗಿರಲಿಲ್ಲ. ಬೆಚ್ಚಗಿನ ನೀರಿಗೆ ಸಾಯದ ಸಮಾಧಾನಿ ಗಾಜಿನ ಪೆಟ್ಟಿಗೆಯಲ್ಲಿ ಉಳಿದು ಅವುಗಳ ಮೂಗು ಹೊಕ್ಕಿತ್ತು. ಮಾಸ್ಕ್ ಇಳಿಸಿ ಬಾಗುತ್ತಿದ್ದ ಅವಳ ಗಂಟಲನ್ನೂ ಹೊಕ್ಕಿತ್ತು. ಅಲ್ಲಿಂದ ಕಪ್ಪಿಗೆ, ಕಪ್ಪಿನಿಂದ ಬಸಿಗೆ.

"ಯಾಕವಾ, ದೆವ್ವ ನೋಡಿದಂಗ ನಿಂತಿ?" ಎಂದರು ಬಸಲಿಂಗವ್ವ.

ನೀಲಾ ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕುಳಿತಳು. ಮದ್ದು ಗೆದ್ದಿತ್ತು. ಆದರೆ ಅದನ್ನು ಹೇಳಬೇಕಾದರೆ ಸ್ಪಿರಿಟ್ಟಿನ ಮಾತೂ ಹೇಳಬೇಕು, ಮಾಸ್ಕಿನ ಮಾತೂ ಹೇಳಬೇಕು, ತಪಾಸಣೆಯಲ್ಲಿ ಆಡಿದ ಸುಳ್ಳನ್ನೂ ಹೇಳಬೇಕು. ಹೇಳಿದರೆ ಇಲಿಮನೆಯ ಬಾಗಿಲು ತನಗೆ ಮುಚ್ಚಿತೆಂದೇ ಅರ್ಥ. ಹೇಳದಿದ್ದರೆ ಸಮಾಧಾನಿ ಸೋತ ಮದ್ದಾಗಿ ಕಸದ ಬುಟ್ಟಿಗೆ ಹೋಗುತ್ತದೆ. ಎಲ್ಲವನ್ನೂ ಅತ್ತೆಗೆ ಬಿಡಿಸಿ ಹೇಳಿದಳು.

ಬಸಲಿಂಗವ್ವ ಬಸಿ ಕೆಳಗಿಟ್ಟರು. "ಆಟದಾಗ ಗೆರಿ ತುಳದರ ಅಂಪಾಯರ್ ನೋಡದಿದ್ರೂ ಕೈ ಎತ್ತಬೇಕು. ನಾ ಹುಡುಗ್ಯಾರಿಗೆ ಕಲಿಸಿದ್ದು ಇಷ್ಟ. ಹೋಗಿ ಹೇಳು."

ಮರುದಿನ ಬೆಳಿಗ್ಗೆ ಶೆಣೈಯವರ ಕೋಣೆಯಲ್ಲಿ ಇಲಿಮನೆಯ ಉಸ್ತುವಾರಿ ಡಾ. ಜಬೀನ್ ಮುಲ್ಲಾ ಕೂಡ ಇದ್ದರು. ಪಶುವೈದ್ಯೆ, ನಿಯಮ ಎಂದರೆ ನಿಯಮ ಎನ್ನುವ ಹೆಂಗಸು. ನೀಲಾ ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಕೆಂಪಾಗಿತ್ತು.

"ಸ್ಪಿರಿಟ್ ಹಚ್ಚಲಿಲ್ಲ, ಮಾಸ್ಕ್ ಹಾಕಲಿಲ್ಲ, ಜಡ್ಡು ಮುಚ್ಚಿಟ್ರಿ. ಅದು ಕೆಟ್ಟ ಬ್ಯಾಕ್ಟೀರಿಯಾ ಆಗಿದ್ರ? ನಿಮ್ಮ ಅತ್ತಿ ಇವತ್ತ ಎಲ್ಲಿರ್ತಿದ್ರು, ವಿಚಾರ ಮಾಡೀರೇನ?"

ರಾತ್ರಿಯೆಲ್ಲ ನೀಲಾಳೂ ಅದನ್ನೇ ಯೋಚಿಸುತ್ತ ಎದ್ದು ಕುಳಿತಿದ್ದಳು.

"ಬೈಯುವುದು ಆಮೇಲೆ ಬೈಯುವ" ಎಂದರು ಶೆಣೈ. ಅವರ ಕನ್ನಡಕ ಈಗ ಮೂಗಿನ ಮೇಲೇ ಇತ್ತು. "ಮೊದಲು ಗಂಟಲು ನೋಡುವ."

ನೀಲಾಳ ಗಂಟಲಿನಿಂದ, ಬಸಲಿಂಗವ್ವ ಮತ್ತು ವಿರೂಪಾಕ್ಷನ ಗಂಟಲಿನಿಂದ, ಉಪ್ಪುನೀರಿನ ಇಲಿಗಳ ಮೂಗಿನಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದರು. ಸಂಸ್ಥೆಯಲ್ಲಿ ಅವಳೊಡನೆ ಊಟ ಮಾಡುತ್ತಿದ್ದವರನ್ನೂ ಬಿಡಲಿಲ್ಲ. ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟು, ಎರಡು ದಿನದ ಮೇಲೆ ಕತ್ತಲೆ ಕೋಣೆಯಲ್ಲಿ ನೀಲಾ, ಶೆಣೈ, ಜಬೀನ್ ಮೂವರೂ ನಿಂತರು. ಜಬೀನ್ ನೀಲಿ ದೀಪ ಹಚ್ಚಿದರು.

ಇಲಿಗಳ ತಟ್ಟೆಗಳು ಒಂದಾದ ಮೇಲೊಂದು ಹಸಿರಾಗಿ ಬೆಳಗಿದವು. ನೀಲಾಳದು ಬೆಳಗಿತು. ಬಸಲಿಂಗವ್ವನದು ಎಲ್ಲಕ್ಕಿಂತ ಜೋರಾಗಿ ಬೆಳಗಿತು. ವಿರೂಪಾಕ್ಷನದೂ ಬೆಳಗಿತು, ಅವನಿಗೆ ಯಾವ ಕಾಯಿಲೆಯೂ ಇಲ್ಲದ್ದರಿಂದ ಸಮಾಧಾನಿ ಒಳಹೊಕ್ಕದ್ದು ಯಾರ ಗಮನಕ್ಕೂ ಬಂದಿರಲಿಲ್ಲ, ಅಷ್ಟೆ. ಉಳಿದವರ ತಟ್ಟೆಗಳೆಲ್ಲ ಕಪ್ಪಾಗಿಯೇ ಇದ್ದವು. ಎಂಜಲು ಹಂಚಿಕೊಳ್ಳದ ಹೊರತು ಸಮಾಧಾನಿ ಮನೆಯ ಹೊಸ್ತಿಲು ದಾಟುವುದಿಲ್ಲ ಎಂಬುದು ಸ್ಪಷ್ಟವಾಯಿತು.

"ಅಯ್ಯೋ ದೇವರೇ" ಎಂದರು ಶೆಣೈ. ನೀರಿನ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮಡಿವಂತ ಅವರು. "ಎಂಜಲಿನಲ್ಲಿ ಹರಡುವ ಆರೋಗ್ಯ! ನಮ್ಮ ಅಜ್ಜಿ ಕೇಳಿದ್ದರೆ ಬಾವಿಗೆ ಹಾರ್ತಿದ್ರು."

ನೀಲಾ ಅಳುತ್ತಲೇ ನಕ್ಕಳು. ಜಬೀನ್ ನಗಲಿಲ್ಲ. "ಮೂರೂ ಮಂದಿ ಮಾತ್ರಿ ನುಂಗಬೇಕು. ಪರವಾನಗಿ ಇಲ್ಲದ ಜೀವಿ ಮನುಷ್ಯಾರ ಮೈಯಾಗ ಇರಂಗಿಲ್ಲ. ಮತ್ತ ನೀಲಾ, ನೀವು ಇಲಿಮನಿಗೆ ಬರಂಗಿಲ್ಲ. ಪ್ರಯೋಗ ನಾನ ಮತ್ತೊಮ್ಮೆ ಮಾಡ್ತೀನಿ, ಬ್ಯಾರೆ ಬ್ಯಾರೆ ಪೆಟ್ಟಿಗಿ ಇಟ್ಟು, ಸ್ಪಿರಿಟ್ ಹಚ್ಚಿ."

ಹೊಸ ಪ್ರಯೋಗ ಮುಗಿಯಲಿ ಎಂದು ಸಮಿತಿ ತನ್ನ ಭೇಟಿಯನ್ನು ಬೇಸಿಗೆಗೆ ಮುಂದೂಡಿತು. ನೀಲಾಳ ಗೋಳು ಬೇರೆಯೇ ಇತ್ತು. ಮಾತ್ರೆ ನುಂಗಿದರೆ ಸಮಾಧಾನಿ ಸಾಯುತ್ತದೆ. ಆಮೇಲೆ? ಶೆಣೈ ಹೇಳಿದ್ದು ನಿಜವಾದರೆ ದಮ್ಮು ವಾಪಸಾಗುತ್ತದೆ, ಅವಳು ಹೇಳಿದ್ದು ನಿಜವಾದರೆ ಬರುವುದಿಲ್ಲ. ತನ್ನ ಎದೆಯನ್ನು ಪಣಕ್ಕಿಡಲು ಅವಳು ತಯಾರಿದ್ದಳು. ಆದರೆ ಹತ್ತು ವರ್ಷದ ಮೇಲೆ ಮಾಳಿಗೆ ಹತ್ತಿದ ಮುದುಕಿಯ ಕೈಗೆ ಆ ಮಾತ್ರೆ ಕೊಡುವುದು ಹೇಗೆ?

"ಅತ್ತಿ, ಇದನ್ನ ನುಂಗಿದ್ರ ದಮ್ಮು ತಿರುಗಿ ಬಂದರೂ ಬರಬಹುದ್ರಿ" ಎಂದಳು.

ಬಸಲಿಂಗವ್ವ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕಿಟಕಿಯಾಚೆ ಹುಡುಗಿಯರ ಗದ್ದಲ ಕೇಳುತ್ತಿತ್ತು. ಅತ್ತೆಯ ಕಣ್ಣಲ್ಲಿ ನೀರು ತುಂಬಿದ್ದನ್ನು ನೀಲಾ ಮದುವೆಯಾದಾಗಿನಿಂದ ಕಂಡಿರಲಿಲ್ಲ, ಅವತ್ತು ಕಂಡಳು.

"ಬರಂಗಿಲ್ಲ ಅಂತ ನೀ ಅಂದೀಯಲ್ಲ?"

"ನಾ ಅಂದೀನ್ರಿ. ಸರ್ ಒಪ್ಪಂಗಿಲ್ಲ."

"ಸರ್ ನನ್ನ ಸೊಸಿ ಏನ?" ಎಂದವರೇ ಮಾತ್ರೆಯನ್ನು ಬಾಯಿಗೆ ಹಾಕಿ ನೀರು ಕುಡಿದರು.

ಮಾತ್ರೆಗಳ ಸುತ್ತು ಮುಗಿದ ಮೇಲೆ ಮತ್ತೆ ತಟ್ಟೆ ಬೆಳೆಸಿ ನೋಡಿದರು. ನೀಲಿ ಬೆಳಕಿನಲ್ಲಿ ಮೂರೂ ತಟ್ಟೆಗಳು ಕಪ್ಪಗಿದ್ದವು. ಸಮಾಧಾನಿ ಹೋಗಿತ್ತು. ಇನ್ನು ಕಾಯುವುದೊಂದೇ ಕೆಲಸ. ರಾತ್ರಿ ಅತ್ತೆ ಮಗ್ಗುಲು ಬದಲಿಸಿದರೂ ನೀಲಾ ಎದ್ದು ಕುಳಿತು ಕಿವಿಗೊಡುತ್ತಿದ್ದಳು. ಬೆಳಿಗ್ಗೆ ಎದ್ದಾಗ ಬಸಲಿಂಗವ್ವ "ಇವತ್ತೂ ಇಲ್ಲ" ಎನ್ನುತ್ತಿದ್ದರು, ಪೋಸ್ಟ್‌ಮನ್ ಬರಲಿಲ್ಲ ಎಂದು ಹೇಳುವ ದನಿಯಲ್ಲಿ.

ಇಲಿಮನೆಯಿಂದ ಸುದ್ದಿ ಬರತೊಡಗಿತು. ಜಬೀನರ ಪ್ರಯೋಗದಲ್ಲಿ ಸಮಾಧಾನಿ ಕುಡಿದ ಇಲಿಗಳು ಗುಣವಾದವು, ಉಪ್ಪುನೀರಿನವು ಸುಯ್‌ಗುಡುತ್ತಲೇ ಉಳಿದವು. ಎರಡು ಗೆರೆಗಳು ಕೊನೆಗೂ ಒಂದನ್ನೊಂದು ಬಿಟ್ಟು ದೂರ ಹೋದವು. ಜಬೀನ್ ಅಷ್ಟಕ್ಕೇ ಬಿಡಲಿಲ್ಲ. ಗುಣವಾದ ಒಂದು ಇಲಿಯನ್ನು ಕಾಯಿಲೆಯ ಇಲಿಗಳ ಗೂಡಿಗೆ ಬಿಟ್ಟರು. ಅವು ಒಂದೇ ಬಾಟಲಿಯ ನೀರು ಕುಡಿದು, ಒಂದರ ಮೂತಿ ಒಂದು ನೆಕ್ಕಿ, ಎಲ್ಲವೂ ಗುಣವಾದವು. ಆಮೇಲೆ ನೀರಿಗೆ ಮಾತ್ರೆ ಬೆರೆಸಿ ಸಮಾಧಾನಿಯನ್ನು ಕೊಂದು, ಮತ್ತೆ ಮೊಟ್ಟೆಯ ಪ್ರೋಟೀನು ಮೂಸಿಸಿದರು. ಒಂದು ಇಲಿಯ ಎದೆಯೂ ಬಿಗಿಯಲಿಲ್ಲ.

"ಮರೆತಿವೆ" ಎಂದು ಶೆಣೈ ಫೋನಿನಲ್ಲಿ ಹೇಳಿದಾಗ ಅವರ ದನಿ ಸಣ್ಣಗಾಗಿತ್ತು. "ನೀವು ಹೇಳಿದ ಹಾಗೇ ಮರೆತುಬಿಟ್ಟಿವೆ ಮಾರಾಯ್ರೆ."

ಅದೇ ವಾರ ಓಣಿಯಲ್ಲಿ ಖಾರದ ಗಿರಣಿ ಶುರುವಾಯಿತು. ಕೆಂಪು ಘಾಟು ಮನೆಮನೆಗೂ ನುಗ್ಗಿತು. ವಿರೂಪಾಕ್ಷ ಸೀನುತ್ತ, ಅವ್ವನನ್ನು ಊರಿಗೆ ಕಳಿಸಲು ಬಸ್ಸಿನ ವೇಳೆ ವಿಚಾರಿಸತೊಡಗಿದ. ಬಸಲಿಂಗವ್ವ ಸೆರಗು ಸಿಕ್ಕಿಸಿಕೊಂಡು, ಮೆಣಸಿನಕಾಯಿಯ ಚೀಲವನ್ನು ತಾವೇ ಕಂಕುಳಲ್ಲಿ ಹೊತ್ತು ಗಿರಣಿಗೆ ಹೋದರು. ಬೀಸಿಸಿಕೊಂಡು ಬಂದು, "ಎಲ್ಲಾರೂ ಸೀನಾಕತ್ತಿದ್ರು, ನನಗ ಸೀನೂ ಬರಲಿಲ್ಲ" ಎಂದು ದೂರು ಹೇಳುವವರಂತೆ ಹೇಳಿದರು. ನೀಲಾ ಅತ್ತೆಯ ಖಾರದ ಕೈಯನ್ನೂ ಲೆಕ್ಕಿಸದೆ ಅವರನ್ನು ತಬ್ಬಿಕೊಂಡಳು.

ಸಮಿತಿ ಬಂದ ದಿನ ಸಂಸ್ಥೆಯ ಹುಲ್ಲುಹಾಸಿನ ಮೇಲೆ ಶಾಮಿಯಾನ ಹಾಕಿದ್ದರು. ಗೆರೆಗಳನ್ನೆಲ್ಲ ನೋಡಿ, ನೂರು ಪ್ರಶ್ನೆ ಕೇಳಿ, ಮನುಷ್ಯರ ಮೇಲಿನ ಪರೀಕ್ಷೆಗೆ ಸಮಿತಿ ಒಪ್ಪಿಗೆ ಕೊಟ್ಟಿತು. ಚಪ್ಪಾಳೆ ತಟ್ಟಿದ ಮೇಲೆ ಅಧ್ಯಕ್ಷೆ ಕೇಳಿದರು, "ಅರಿಯದೆ ಮೊದಲ ರೋಗಿಯಾದ ಆ ತಾಯಿ ಬಂದಿದ್ದಾರೆಯೇ? ಅವರ ಶ್ವಾಸಕೋಶದ ಬಲ ಎಷ್ಟಿದೆ ಈಗ?"

ಶೆಣೈ ಕಾಗದ ಹುಡುಕತೊಡಗಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಬಸಲಿಂಗವ್ವ ಎದ್ದರು. ಚಪ್ಪಲಿ ಕಳಚಿದರು. ಸೆರಗನ್ನು ಸೊಂಟಕ್ಕೆ ಬಿಗಿದರು. ಹುಲ್ಲಿಗೆ ಬಾಗಿ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡರು. ನೀಲಾ "ಅತ್ತಿ, ಬ್ಯಾಡ್ರಿ" ಎನ್ನುವಷ್ಟರಲ್ಲಿ ಉಸಿರೆಳೆದುಕೊಂಡು ಹೊರಟೇಬಿಟ್ಟರು.

"ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ..."

ಕುರ್ಚಿಗಳ ಸಾಲಿನ ನಡುವೆ, ಬೆಕ್ಕಸಬೆರಗಾಗಿ ನೋಡುತ್ತಿದ್ದ ವಿಜ್ಞಾನಿಗಳ ನಡುವೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗುತ್ತ ಮುಂದೆ ಸಾಗಿದರು. ದನಿ ತುಂಡಾಗಲಿಲ್ಲ, ತಗ್ಗಲಿಲ್ಲ. ನೀಲಾ ಬಾಯಿಗೆ ಕೈ ಹಿಡಿದು ನಿಂತಿದ್ದಳು. ತನ್ನ ಉಸಿರನ್ನು ಬಿಗಿಹಿಡಿದದ್ದು ಅವಳಿಗೆ ಗೊತ್ತಿರಲಿಲ್ಲ, ಅವಳು ಉಸಿರು ಬಿಟ್ಟ ಮೇಲೂ ಅತ್ತೆಯ ಉಸಿರು ಓಡುತ್ತಲೇ ಇತ್ತು. ವೇದಿಕೆಯ ಮುಂದೆ ಶೆಣೈ ಏನಾಗುತ್ತಿದೆ ಎಂದು ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದರು. ತಡವಾಗಿತ್ತು. ಬಸಲಿಂಗವ್ವ ಅವರ ಭುಜಕ್ಕೆ ಟಪ್ ಎಂದು ಬಡಿದು, ಅದೇ ಉಸಿರಿನಲ್ಲಿ ತಿರುಗಿ, ಹೊರಟ ಜಾಗಕ್ಕೆ ಓಡಿಬಂದು ನಿಂತರು.

"ನೀವು ಔಟ್ ಆದ್ರಿ ಸರ್" ಎಂದರು, ಏದುಸಿರೂ ಇಲ್ಲದೆ. "ಹೊರಗ ಕುಂಡ್ರಿ. ನನ್ನ ಸೊಸಿ ಒಳಗ ಹೋಗ್ಲಿ."

ಶಾಮಿಯಾನದ ತುಂಬ ನಗು, ಚಪ್ಪಾಳೆ. ಶೆಣೈ ಭುಜ ಸವರಿಕೊಳ್ಳುತ್ತ ಕುರ್ಚಿಯಲ್ಲಿ ಕುಳಿತು, ಜಬೀನ್ ಕಡೆ ನೋಡಿ ತಲೆಯಾಡಿಸಿದರು. ಜಬೀನ್ ಎದ್ದು ಬಂದು ನೀಲಾಳ ಕೈಗೆ ಹೊಸ ಮಾಸ್ಕು ಮತ್ತು ಒಂದು ಬಾಟಲಿ ಕೊಟ್ಟರು.

"ಸ್ಪಿರಿಟ್" ಎಂದರು. ಅವರ ತುಟಿಯಂಚಿನಲ್ಲಿ ನಗು ಕಾಣಿಸಿಕೊಂಡದ್ದು ಅದೇ ಮೊದಲು. "ಈ ಸಲ ನೀರಾಗ ಒರಸಿದ್ರ ನಾ ಸುಮ್ನ ಬಿಡಂಗಿಲ್ಲ."

ನೀಲಾ ಇಲಿಮನೆಯ ಬಾಗಿಲು ತೆರೆದು ಒಳಗೆ ಹೋದಳು. ಹೊಟ್ಟಿನ ವಾಸನೆ, ಇಲಿಗಳ ಚಿಕಿಚಿಕಿ, ಎಲ್ಲ ಮೊದಲಿನ ಹಾಗೇ ಇತ್ತು. ಮಾಸ್ಕನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿ, ಬಟ್ಟೆಗೆ ಧಾರಾಳವಾಗಿ ಸ್ಪಿರಿಟ್ ಸುರಿದು, ಗಾಜಿನ ಪೆಟ್ಟಿಗೆಯನ್ನು ಮೂಲೆಮೂಲೆಯೂ ಬಿಡದೆ ಒರೆಸಿದಳು. ಮಾಸ್ಕನ್ನು ದಾಟಿ ಘಾಟು ಮೂಗಿಗೆ ಬಡಿಯಿತು. ಅವಳು ಕಾದಳು. ಎದೆ ಕಟ್ಟಲಿಲ್ಲ. ಹುಲ್ಲುಹಾಸಿನ ಕಡೆಯಿಂದ ಅತ್ತೆಯ ದನಿ ತೇಲಿಬಂತು, ಶೆಣೈಯವರಿಗೆ ಕಾಲು ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿದ್ದರು. ನೀಲಾ ನಗುತ್ತ, ಎದೆ ತುಂಬ ಉಸಿರೆಳೆದುಕೊಂಡು, ಮೊದಲ ಇಲಿಯನ್ನು ಕೈಗೆತ್ತಿಕೊಂಡಳು.